ಮಳೆ ಲೆಕ್ಕದ ಪುಸ್ತಕದಲ್ಲಿ ಶುಗರ್

ಕೊಡಗಿನಲ್ಲಿ ಒಬ್ಬರ ಲಿವರ್ ಕೆಟ್ಟಿದೆ ಅಂದರೆ ಕೇಳಿದವರು ಎರಡನೇ ಪ್ರಶ್ನೆ ಕೇಳುವುದಿಲ್ಲ. "ಓ, ಹಾಗಾ" ಅಂತ ತಲೆ ಆಡಿಸಿ ಮಾತು ಬದಲಿಸುತ್ತಾರೆ. ಆ "ಹಾಗಾ"ದ ಅರ್ಥ ಎಲ್ಲರಿಗೂ ಗೊತ್ತು. ಮದುವೆ ಮನೆಯಲ್ಲಿ ಗ್ಲಾಸು ತಪ್ಪದ ಜಿಲ್ಲೆ ಅನ್ನುವ ಹೆಸರು ನಮ್ಮ ಮೇಲೆ ಮೊದಲಿಂದಲೂ ಇದೆಯಲ್ಲ. ನನ್ನ ಸೋದರಮಾವ ಮಾತ್ರ ಅಂಥ ಮದುವೆಗಳಲ್ಲಿ ನಿಂಬೆ ಶರಬತ್ತು ಹಿಡಿದು ಮೂಲೆಯಲ್ಲಿ ಕೂತು, ಭಾವಮೈದುನರಿಂದ ತಮಾಷೆ ಮಾಡಿಸಿಕೊಳ್ಳುತ್ತಿದ್ದವರು. ಅವರಿಗೇ ಲಿವರ್ ಕೈಕೊಟ್ಟಾಗ ಊರಿನವರು ನಂಬಲಿಲ್ಲ. "ಗುಟ್ಟಾಗಿ ಕುಡೀತಿದ್ರೋ ಏನೋ" ಅಂದರು. ಕುಡಿದು ಕೆಟ್ಟ ಲಿವರ್ ಆದರೂ ನೋವೇನೂ ಕಮ್ಮಿ ಇಲ್ಲ, ಚಿಕಿತ್ಸೆಗೆ ಹಕ್ಕೂ ಕಮ್ಮಿ ಇಲ್ಲ. ಆದರೆ ಮಾವನ ಕಥೆ ಬೇರೆ.

1986ರಲ್ಲಿ ಮೆಣಸು ಕೊಯ್ಯುವಾಗ ಮಾವ ಬಿದಿರಿನ ಏಣಿಯಿಂದ ಬಿದ್ದರು. ತೊಡೆಯ ಮೂಳೆ ಮುರಿದು ಆಪರೇಷನ್ ಆಯಿತು, ಮೂರು ಬಾಟಲಿ ರಕ್ತ ಕೊಟ್ಟರು. ಆ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇತ್ತು ಅನ್ನುವುದು ನಮ್ಮ ಡಾಕ್ಟರ ಊಹೆ. ಕೊಟ್ಟವರನ್ನು ದೂರುವ ಹಾಗಿಲ್ಲ, ಯಾಕೆಂದರೆ ಆಗ ಆ ವೈರಸ್ಸಿಗೆ ಹೆಸರೇ ಇರಲಿಲ್ಲ. ಅದು ಪತ್ತೆಯಾದದ್ದು 1989ರಲ್ಲಿ. ಪತ್ತೆಯ ಹಾದಿಯಲ್ಲಿ ದುಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಈ ಮೂವರಿಗೆ 2020ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನ ಗುಣವೇ ಹಾಗೆ, ಮೂವತ್ತು ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕೂತಿರುತ್ತದೆ. 2016ರಲ್ಲಿ ಮಾವನ ಕಾಲು ಊದಿತು, ಹೊಟ್ಟೆಯಲ್ಲಿ ನೀರು ತುಂಬಿತು. ಒಂದು ದಿನ ಅತ್ತೆಯನ್ನೇ "ನೀವು ಯಾರು?" ಅಂತ ಕೇಳಿದರು. ಕೆಟ್ಟ ಲಿವರ್ ರಕ್ತದ ವಿಷವನ್ನು ಸೋಸದೆ ಬಿಟ್ಟಾಗ ಮಿದುಳಿಗೆ ಹೀಗೆ ಮಂಪರು ಕವಿಯುತ್ತದಂತೆ. ಅತ್ತೆ ಆ ದಿನವನ್ನು ಇವತ್ತಿಗೂ ಮರೆತಿಲ್ಲ. ಮುಂದೆ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

2017ರ ನವೆಂಬರಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಾವನಿಗೆ ಲಿವರ್ ಕಸಿ ಆಯಿತು. ನಮ್ಮ ರಾಜ್ಯದಲ್ಲಿ ಮೃತರ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ವ್ಯವಸ್ಥೆ. ಅದರ ಪಟ್ಟಿಯಲ್ಲಿ ಹೆಸರು ಬರೆಸಿ ತಿಂಗಳುಗಟ್ಟಲೆ ಕಾದ ಮೇಲೆ ಫೋನ್ ಬಂತು. ಯಾರ ಲಿವರ್ ಅಂತ ನಮಗೆ ಹೇಳಲಿಲ್ಲ, ಹೇಳಬಾರದು ಅನ್ನುವುದೇ ನಿಯಮ. ಅಳುತ್ತಿದ್ದ ಒಂದು ಮನೆ ಅವತ್ತು ಹೂಂ ಅಂದಿತ್ತು, ನಮಗೆ ಗೊತ್ತಿರುವುದು ಅಷ್ಟೇ.

ಲಿವರ್ ಹೊಸದು, ರಕ್ತ ಹಳೆಯದು. ಕಸಿಯ ಹೊತ್ತಿಗೆ ರಕ್ತದಲ್ಲಿ ವೈರಸ್ ಇದ್ದರೆ ಹೊಸ ಲಿವರಿಗೂ ಅದು ಹತ್ತುವುದು ಹೆಚ್ಚುಕಮ್ಮಿ ಖಚಿತ. ಮಾವನ ಸ್ಥಿತಿ ಕೆಟ್ಟಿದ್ದರಿಂದ "ಮೊದಲು ಲಿವರ್, ಆಮೇಲೆ ವೈರಸ್" ಅಂತ ಡಾಕ್ಟರು ತೀರ್ಮಾನಿಸಿದ್ದರು. ಈ ಎರಡರ ನಡುವೆ, ಯಾರೂ ಕರೆಯದೆ ಮನೆಗೆ ಬಂದು ಕೂತದ್ದು ಶುಗರ್.

ಆಪರೇಷನ್ ಆಗಿ ನಾಲ್ಕನೇ ದಿನ ಮಾವನ ಶುಗರ್ 340. "ನಮ್ಮ ಮನೆತನದಲ್ಲೇ ಇಲ್ಲದ್ದು ಎಲ್ಲಿಂದ ಬಂತು?" ಅಂತ ಅತ್ತೆ ಕೇಳಿದರು. ಬಂದದ್ದು ಮೂರು ಕಡೆಯಿಂದ. ಮೊದಲನೆಯದು ಸ್ಟಿರಾಯ್ಡ್, ಅಂದರೆ ಪ್ರೆಡ್ನಿಸೊಲೋನ್. ದೇಹ ಹೊಸ ಲಿವರನ್ನು ಹೊರಗಿನದು ಅಂತ ತಿಳಿದು ಹೊಡೆಯದಂತೆ ತಡೆಯುವ ಈ ಔಷಧ, ಇನ್ಸುಲಿನ್ನಿನ ಮಾತನ್ನು ದೇಹ ಕೇಳದ ಹಾಗೆ ಮಾಡುತ್ತದೆ. ಎರಡನೆಯದು ಅದೇ ಕಾವಲು ಕೆಲಸದ ಟ್ಯಾಕ್ರೊಲಿಮಸ್. ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನ ಸೂಕ್ಷ್ಮಾಣುವಿನಲ್ಲಿ 1984ರಲ್ಲಿ ಸಿಕ್ಕಿದ್ದು. ಇವತ್ತು ಕಸಿಯಾದ ಲಿವರುಗಳು ಉಳಿದಿರುವುದು ಬಹುಪಾಲು ಇದರ ದಯೆಯಿಂದ, ಆದರೆ ಇದು ಮೇದೋಜ್ಜೀರಕದಿಂದ ಇನ್ಸುಲಿನ್ ಬರುವುದನ್ನೇ ಕಮ್ಮಿ ಮಾಡುತ್ತದೆ. ಮೂರನೆಯದು ಆ ವೈರಸ್ಸೇ. ಹೆಪಟೈಟಿಸ್ ಸಿ ಬರೀ ಲಿವರಿನ ಕಾಯಿಲೆ ಅಂತ ನಾವು ತಿಳಿದಿದ್ದೆವು. ಅದೂ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತದೆ, ಅದು ಇರುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಅಂತ ಆಮೇಲೆ ತಿಳಿಯಿತು.

ಹೀಗೆ ಮಾವ ದಿನಕ್ಕೆ ನಲವತ್ತು ಯೂನಿಟ್ ಇನ್ಸುಲಿನ್ನಿನೊಂದಿಗೆ ಊರಿಗೆ ಬಂದರು. ಊರು ಅಂದರೆ ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ರಸ್ತೆಯಲ್ಲಿ, ಮಾದಾಪುರದ ಹತ್ತಿರ ಕಾಫಿ ತೋಟದ ನಡುವಿನ ಮನೆ. ಮಕ್ಕಳು ಹೊರದೇಶದಲ್ಲಿ. ಮಡಿಕೇರಿಯಲ್ಲಿರುವ ನಾನೇ ಹತ್ತಿರದವಳು. ವಾರಕ್ಕೊಮ್ಮೆ ಹೋಗಿ ಮಾತ್ರೆ ಎಣಿಸಿ, ಲೆಕ್ಕ ನೋಡಿ ಬರುವುದು ನನ್ನ ಪಾಲಿಗೆ ಬಂತು.

ಲೆಕ್ಕ ಅಂದೆನಲ್ಲ, ಅದನ್ನು ಹೇಳಬೇಕು. ಕೊಡಗಿನ ತೋಟದವರ ಮನೆಯಲ್ಲಿ ದೇವರ ಕೋಣೆ ಇರುತ್ತದೋ ಇಲ್ಲವೋ, ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಅಂಗಳದಲ್ಲಿ ಮಳೆಮಾಪಕ, ದಿನಾ ಬೆಳಿಗ್ಗೆ ಎಂಟಕ್ಕೆ ಅಳತೆ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಾವು ಇನ್ನೂ ಇಂಚು, ಸೆಂಟ್ ಅಂತಲೇ ಬರೆಯುವವರು. ಹೂಮಳೆ ಯಾವತ್ತು ಬಿತ್ತು, ಹಿಂದಿನ ಮಳೆ ಎಷ್ಟು ಬಂತು ಅಂತ ಮಾವನನ್ನು ಕೇಳಿದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಹೇಳುತ್ತಿದ್ದರು. ಆಸ್ಪತ್ರೆಯವರು ಶುಗರ್ ಬರೆಯಲು ಚೆಂದದ ಒಂದು ಡೈರಿ ಕೊಟ್ಟಿದ್ದರು. ಮಾವ ಅದನ್ನು ಮುಟ್ಟಲಿಲ್ಲ. ಮಳೆ ಪುಸ್ತಕದಲ್ಲೇ ಸ್ಕೇಲಿನಿಂದ ಗೆರೆ ಎಳೆದು ಹೊಸ ಅಂಕಣಗಳನ್ನು ಮಾಡಿಕೊಂಡರು. ಖಾಲಿ ಹೊಟ್ಟೆಯದು, ಮಧ್ಯಾಹ್ನ ಊಟವಾಗಿ ಎರಡು ಗಂಟೆಯದು, ರಾತ್ರಿ ಊಟಕ್ಕೆ ಮುಂಚಿನದು, ಮಲಗುವಾಗಿನದು. ಪಕ್ಕದಲ್ಲಿ ಇನ್ಸುಲಿನ್ ಯೂನಿಟ್, ತಿಂದದ್ದು. ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವುದೂ ಬೆಳಿಗ್ಗೆ ಎಂಟು, ರಾತ್ರಿ ಎಂಟು. "ಮಳೆಗೂ ಮಾತ್ರೆಗೂ ಒಂದೇ ಟೈಮು, ಮರೆಯೂದಿಲ್ಲ ಬಿಡು ಮಗಳೇ" ಅಂದರು.

ನಾಲ್ಕು ಹೊತ್ತು ಯಾಕೆ? ಬೆಳಿಗ್ಗೆ ಒಮ್ಮೆ ಸಾಲದೇ? ಇದೇ ಪ್ರಶ್ನೆಯನ್ನು ಪಕ್ಕದ ತೋಟದವರು ಕೇಳಿದ್ದರು. ಅವರಿಗೂ ಹದಿನೈದು ವರ್ಷದಿಂದ ಶುಗರ್, ತಿಂಗಳಿಗೊಮ್ಮೆ ಬೆಳಿಗ್ಗೆ ನೋಡಿಸಿಕೊಂಡು ಸುಖವಾಗಿದ್ದಾರೆ. ಮಾವನ ಪುಸ್ತಕವೇ ಉತ್ತರ ಕೊಡುತ್ತಿತ್ತು. ಖಾಲಿ ಹೊಟ್ಟೆಯಲ್ಲಿ 112, ಅದೇ ದಿನ ಸಂಜೆ 286. ಬೆಳಿಗ್ಗೆ ನುಂಗಿದ ಸ್ಟಿರಾಯ್ಡ್ ಮಧ್ಯಾಹ್ನದ ಮೇಲೆ ಶುಗರ್ ಏರಿಸುತ್ತದೆ, ರಾತ್ರಿ ಕಳೆದು ಬೆಳಗಾಗುವಾಗ ಅದು ಇಳಿದಿರುತ್ತದೆ. ಬೆಳಗಿನದನ್ನು ಮಾತ್ರ ನೋಡುವವರಿಗೆ ಸಂಜೆಯ ಸಂಗತಿ ಗೊತ್ತೇ ಆಗುವುದಿಲ್ಲ. ಬೆಳಗಿನದನ್ನು ನೋಡದೆ ಸಂಜೆಯದಕ್ಕೆ ಇನ್ಸುಲಿನ್ ಏರಿಸಿದರೆ ನಡುರಾತ್ರಿ ಅಪಾಯ.

ಪುಸ್ತಕ ಸರಿಯಾಗಿರಬೇಕಾದರೆ ಬೆರಳೂ ಸರಿಯಾಗಿರಬೇಕು. ಒಂದು ಮಧ್ಯಾಹ್ನ ಮೀಟರ್ 231 ತೋರಿಸಿತು. ಸೋಪು ಹಾಕಿ ಕೈ ತೊಳೆದು ಒರೆಸಿ ನೋಡಿದರೆ 148. ಅದಕ್ಕೆ ಮೊದಲು ಮಾವ ಮೊಮ್ಮಗುವಿಗೆ ಕಿತ್ತಳೆ ಸುಲಿದು ಕೊಟ್ಟಿದ್ದರು. ಬೆರಳ ತುದಿಯ ರಸವೇ ಅಷ್ಟು ಏರಿಸಿತ್ತು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ಒಂದು ಗಳಿಗೆ ತೆರೆದಿಟ್ಟರೂ ನಮ್ಮ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ, ಸುಳ್ಳು ಹೇಳುತ್ತದೆ. ಹಿತ್ತಲಿನ ಚಕ್ಕೋತ ಮರದಿಂದ ಹಣ್ಣು ಕೊಯ್ದು ಅಕ್ಕಪಕ್ಕದವರಿಗೆಲ್ಲ ಹಂಚಿಬಿಟ್ಟೆವು. ಚಕ್ಕೋತದ ಜಾತಿಯ ಹಣ್ಣು ತಿಂದರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸೇರಿಕೊಳ್ಳುತ್ತದೆ. ಶುಗರ್ ಏರುವುದು ಒಂದು ಕಡೆ, ಕಿಡ್ನಿಗೆ ಪೆಟ್ಟು ಇನ್ನೊಂದು ಕಡೆ.

2018ರ ಜೂನ್ ಹೊತ್ತಿಗೆ ಸ್ಟಿರಾಯ್ಡ್ 5 ಮಿಲಿಗ್ರಾಂಗೆ ಇಳಿದಿತ್ತು. ಇನ್ಸುಲಿನ್ ಬೆಳಿಗ್ಗೆ 20, ರಾತ್ರಿ 12 ಯೂನಿಟ್ಟಿಗೆ ನಿಂತಿತ್ತು. ಆಗ ಶುರುವಾಯಿತು ವೈರಸ್ಸಿನ ಚಿಕಿತ್ಸೆ. ಸೊಫೊಸ್ಬುವಿರ್, ಡಕ್ಲಾಟಾಸ್ವಿರ್, ಜೊತೆಗೆ ರೈಬಾವಿರಿನ್, ಹನ್ನೆರಡು ವಾರ. ಇದಕ್ಕೂ ಮುಂಚಿನ ಕಾಲದಲ್ಲಿ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಕಸಿಯಾದವರಿಗೆ ಅದನ್ನು ತಡೆದುಕೊಳ್ಳುವುದೇ ಕಷ್ಟ, ಹೊಸ ಲಿವರನ್ನು ದೇಹ ತಿರಸ್ಕರಿಸುವ ಭಯ ಬೇರೆ. ಸೊಫೊಸ್ಬುವಿರ್ 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84 ಸಾವಿರ ಡಾಲರ್ ಬೆಲೆ. 2015ರಲ್ಲಿ ಭಾರತದ ಕಂಪನಿಗಳು ಅದನ್ನೇ ತಯಾರಿಸಲು ಶುರುಮಾಡಿದ್ದರಿಂದ ನಮ್ಮಂಥವರ ಕೈಗೆ ಎಟುಕಿತು. ಆ ವರ್ಷದ ಕಾಫಿ ದುಡ್ಡಿನಲ್ಲಿ ಮಾವ ಔಷಧ ತಂದರು. ಚಿಕಿತ್ಸೆ ಅರ್ಧ ಮುಗಿದಿದ್ದಾಗ, 2018ರ ಜುಲೈ 28ರಂದು, ಕೇಂದ್ರ ಸರ್ಕಾರ ಈ ಔಷಧಗಳನ್ನು ಪುಕ್ಕಟೆ ಕೊಡುವ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮವನ್ನು ಶುರುಮಾಡಿತು. "ಎರಡು ತಿಂಗಳು ಕಾದಿದ್ರೆ ಫ್ರೀ ಆಗ್ತಿತ್ತಲ್ಲ" ಅಂತ ಮಾವ ಪೇಪರ್ ಮಡಚಿಟ್ಟು ನಕ್ಕರು.

ಔಷಧ ಶುರುಮಾಡುವ ದಿನ ಡಾಕ್ಟರು ಒಂದು ಮಾತು ಹೇಳಿದರು. "ಇಷ್ಟು ದಿನ ನಿಮಗೆ ಶುಗರ್ ಏರುತ್ತದೆ ಅಂತ ಹೆದರಿಸಿದ್ದೆವು. ಇನ್ನು ಮೇಲೆ ಇಳಿಯುತ್ತದೆ, ಅದಕ್ಕೆ ಹೆದರಿ. ಈ ಔಷಧ ಕೆಲಸ ಮಾಡಿದರೆ ಅದು ಮೊದಲು ಗೊತ್ತಾಗುವುದು ನಿಮ್ಮ ಪುಸ್ತಕದಲ್ಲಿ ಇರಬಹುದು."

ಇದು ನನಗೆ ಹೊಸ ವಿಷಯ. ಔಷಧವೇನೂ ನೇರವಾಗಿ ಸಕ್ಕರೆಯನ್ನು ಇಳಿಸುವುದಿಲ್ಲ. ವೈರಸ್ ಹೋಗುತ್ತಿದ್ದ ಹಾಗೆ ಲಿವರಿನ ಉರಿಯೂತ ತಗ್ಗುತ್ತದೆ. ಇನ್ಸುಲಿನ್ನಿನ ಮಾತಿಗೆ ಕಿವುಡಾಗಿದ್ದ ದೇಹಕ್ಕೆ ಮತ್ತೆ ಕೇಳಲು ಶುರುವಾಗುತ್ತದೆ. ಆಗ ನಿನ್ನೆಯವರೆಗೆ ಸರಿಯಾಗಿದ್ದ ಇನ್ಸುಲಿನ್ ಪ್ರಮಾಣ ಇವತ್ತು ಜಾಸ್ತಿಯಾಗುತ್ತದೆ. ಕಾಯಿಲೆ ವಾಸಿಯಾಗುತ್ತಿದೆ ಅನ್ನುವ ಕಾರಣಕ್ಕೇ ರೋಗಿ ಕುಸಿದು ಬೀಳಬಹುದು! ಅದೇ ವರ್ಷ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಸುರಕ್ಷತಾ ಸಮಿತಿಯೂ ಇದನ್ನೇ ಹೇಳಿತು. ಸಕ್ಕರೆ ಕಾಯಿಲೆ ಇರುವವರಿಗೆ ಇಂಥ ಔಷಧ ಕೊಡುವಾಗ, ವಿಶೇಷವಾಗಿ ಮೊದಲ ಮೂರು ತಿಂಗಳು, ಶುಗರನ್ನು ಹತ್ತಿರದಿಂದ ನೋಡುತ್ತಿರಬೇಕು ಅನ್ನುವ ಎಚ್ಚರಿಕೆಯನ್ನು ಔಷಧದ ಮಾಹಿತಿಯಲ್ಲಿ ಸೇರಿಸಲು ಅದು ಸೂಚಿಸಿತು.

ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಖಾಲಿ ಹೊಟ್ಟೆಯ ಶುಗರ್ ಎರಡು ದಿನ 100ಕ್ಕಿಂತ ಕೆಳಗೆ ಬಂದರೆ ರಾತ್ರಿಯ ಇನ್ಸುಲಿನ್ 4 ಯೂನಿಟ್ ಇಳಿಸಿ, ಫೋನ್ ಮಾಡಿ. ಊಟ ಅರ್ಧವಾದರೆ ಇನ್ಸುಲಿನ್ನೂ ಅರ್ಧ. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಗ್ಲುಕೋಸ್, ಹದಿನೈದು ನಿಮಿಷಕ್ಕೆ ಮತ್ತೆ ಟೆಸ್ಟ್, ಮುಂದಿನ ಡೋಸ್ ನಿಲ್ಲಿಸಿ ಫೋನ್. ಟ್ಯಾಕ್ರೊಲಿಮಸ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಇವು ಮಾವನೊಬ್ಬರಿಗೆ ಅಂತ ಬರೆದ ಅಂಕಿಗಳು, ದಯವಿಟ್ಟು ನಿಮ್ಮ ಮನೆಗೆ ತೆಗೆದುಕೊಂಡು ಹೋಗಬೇಡಿ. ತೆಗೆದುಕೊಂಡು ಹೋಗಬೇಕಾದ್ದು ಹಾಳೆಯನ್ನು. ಫೋನ್ ಸಿಗದಿದ್ದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಬರೆಸಿಕೊಂಡಿರಿ.

ಪುಸ್ತಕ ನಿಜಕ್ಕೂ ಮೊದಲು ಹೇಳಿತು. ಮೂರನೇ ವಾರದಲ್ಲಿ ಬೆಳಗಿನ ಶುಗರ್ 130ರಿಂದ 110ಕ್ಕೆ, ಆಮೇಲೆ 96, 94. ಹಾಳೆಯ ಪ್ರಕಾರ ರಾತ್ರಿಯ ಇನ್ಸುಲಿನ್ 12ರಿಂದ 8ಕ್ಕೆ ಬಂತು. ನಾಲ್ಕನೇ ವಾರದ ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸಲೇ ಇಲ್ಲ. ಟ್ಯಾಕ್ರೊಲಿಮಸ್ ಮಟ್ಟವೂ ಸ್ವಲ್ಪ ಇಳಿದಿತ್ತು. ಚೇತರಿಸಿಕೊಂಡ ಲಿವರ್ ಆ ಔಷಧವನ್ನೂ ಬೇಗ ಬೇಗ ಕರಗಿಸುತ್ತದೆ, ಅದಕ್ಕೇ ಈ ಸಮಯದಲ್ಲಿ ಅದನ್ನೂ ನೋಡುತ್ತಿರಬೇಕಂತೆ. ಡೋಸ್ ಒಂದಿಷ್ಟು ಏರಿಸಿದರು. ಏರಿಸಿದರೆ ಶುಗರ್ ಮೇಲೆ ಏನಾಗುತ್ತದೋ ಅಂತ ಮತ್ತೆ ಪುಸ್ತಕ!

ಆ ದಿನಗಳಲ್ಲಿ ಬೆಂಗಳೂರಿನ ನೆಂಟರೊಬ್ಬರು ಬಂದವರು ಮಾವನ ಬೆರಳುಗಳ ಚುಕ್ಕೆ ನೋಡಿ ಮರುಗಿದರು. "ದಿನಾ ಯಾಕೆ ಚುಚ್ಕೋತೀರಿ? ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿದ್ರೆ ಸಾಕು" ಅಂದರು. ಮಾಡಿಸಿಯೂ ಇದ್ದೆವು, 5.2 ಬಂದಿತ್ತು. ಕಾಯಿಲೆಯೇ ಇಲ್ಲದವರ ಅಂಕಿ ಅದು. ಆದರೆ ಅದೇ ವಾರಗಳಲ್ಲಿ ಪುಸ್ತಕದ ಸಂಜೆ ಅಂಕಣದಲ್ಲಿ 190, 205 ಇತ್ತು. ಆ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿಕೊಂಡ ಸಕ್ಕರೆಯನ್ನು. ಕಣ ಸುಮಾರು 120 ದಿನ ಬದುಕುತ್ತದೆ ಅನ್ನುವ ಲೆಕ್ಕದ ಮೇಲೆ ಅದು ನಿಂತಿದೆ. ರೈಬಾವಿರಿನ್ ಕೆಂಪು ಕಣಗಳನ್ನು ಬೇಗ ಒಡೆಯುತ್ತದೆ. ಮಾವನ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಸಕ್ಕರೆ ಅಂಟಿಕೊಳ್ಳುವಷ್ಟು ದಿನ ಕಣವೇ ಬದುಕದಿದ್ದರೆ ಅಂಕಿ ಕಮ್ಮಿಯೇ ಬರುತ್ತದೆ. ರಕ್ತ ಹಾಕಿಸಿಕೊಂಡವರಲ್ಲೂ ಹೀಗೇ ಲೆಕ್ಕ ತಪ್ಪುತ್ತದೆ. ಇಂಥ ರೋಗಿಗೆ ನಂಬಿಕೆಯದ್ದು ಬೆರಳ ತುದಿಯ ಹನಿ.

ಆಗಸ್ಟ್ 3 ಬಂತು. ನಮ್ಮ ಗೌಡರ ಮನೆಗಳಲ್ಲಿ ಆಟಿ ಹದಿನೆಂಟು, ಕೊಡವರ ಮನೆಗಳಲ್ಲಿ ಕಕ್ಕಡ ಹದಿನೆಂಟು. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಬುದ್ಧಿ ಬಂದಾಗಿನಿಂದ ಮಾವ ಅದನ್ನು ತಪ್ಪಿಸಿದವರಲ್ಲ. "ಬೆಲ್ಲ ಹಾಕದೆ ಕೊಡು" ಅಂತ ಅತ್ತೆಯ ಹತ್ತಿರ ಗೋಗರೆದರು. ಫೋನ್ ಮಾಡಿ ಕೇಳಿದೆ. ಬೆಲ್ಲದ ಪ್ರಶ್ನೆ ಆಮೇಲೆ, ಗಿಡಮೂಲಿಕೆ ಯಾವುದೇ ಆದರೂ ಕಸಿಯ ಔಷಧದ ಜೊತೆ ಹೇಗೆ ವರ್ತಿಸುತ್ತದೆ ಅಂತ ಭರವಸೆ ಇಲ್ಲ, ಬೇಡ ಅಂದರು. ನನಗೆ ಇನ್ನೊಂದೂ ಹೊಳೆಯಿತು. ಆ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದು ನಮ್ಮ ಮಕ್ಕಳಿಗೂ ಗೊತ್ತು. ಲಿವರ್ ಕಸಿಯಾದವರ ಮನೆಯಲ್ಲಿ ಮೂತ್ರದ ಬಣ್ಣವೂ ಒಂದು ಲೆಕ್ಕ, ಅದು ಕಲಸಿಹೋಗುವುದು ಬೇಡ. ಮಾವ ಒಪ್ಪಿದರು. ಪಾತ್ರೆಯ ಹತ್ತಿರ ಹೋಗಿ ಪರಿಮಳ ತೆಗೆದುಕೊಂಡು ಬಂದರು, ಅಷ್ಟೇ.

ಅದಾಗಿ ಹನ್ನೆರಡು ದಿನಕ್ಕೆ ಬಂದ ಮಳೆಯನ್ನು ಕೊಡಗಿನವರಿಗೆ ವಿವರಿಸುವುದು ಬೇಡ. ಸ್ವಾತಂತ್ರ್ಯ ದಿನದ ರಜೆ ಅಂತ ಹಿಂದಿನ ಸಂಜೆಯೇ ನಾನು ಮಾವನ ಮನೆಗೆ ಹೋಗಿದ್ದೆ. 15ರಂದು ಕರೆಂಟ್ ಹೋಯಿತು. 16ಕ್ಕೆ ಫೋನು. ಮಳೆಮಾಪಕ ತುಂಬಿ ಮಾವ ದಿನಕ್ಕೆ ಎರಡು ಸಲ ಖಾಲಿ ಮಾಡಿದರು. ಅತ್ತ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್. ಇತ್ತ ಮಕ್ಕಂದೂರು, ಹಟ್ಟಿಹೊಳೆ ಕಡೆ ತೋಟಕ್ಕೆ ತೋಟವೇ ಜಾರಿ ರಸ್ತೆ ಎಲ್ಲಿತ್ತು ಅಂತ ಗೊತ್ತಾಗದ ಹಾಗಾಯಿತು. ಕೆಳಗಿನ ಲೈನ್‌ಮನೆಗಳವರು, ಹೊಳೆ ಪಕ್ಕದ ಎರಡು ಮನೆಯವರು ಮಕ್ಕಳನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದರು. ಮನೆಯಲ್ಲಿ ಹದಿನಾಲ್ಕು ಜನ. ಇರುವ ಅಕ್ಕಿಯಲ್ಲಿ ಗಂಜಿ.

ಇನ್ಸುಲಿನ್ನಿಗೆ ಫ್ರಿಜ್ ಇಲ್ಲವಲ್ಲ ಅಂತ ಅತ್ತೆಗೆ ಮೊದಲ ಚಿಂತೆ. ಬಳಸುತ್ತಿರುವ ಬಾಟಲಿ 25-30 ಡಿಗ್ರಿಯೊಳಗಿನ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಆಗಸ್ಟಿನ ಕೊಡಗು ತಾನೇ ಒಂದು ಫ್ರಿಜ್. ನನ್ನ ಚಿಂತೆ ಬೇರೆ ಇತ್ತು. ಡಬ್ಬಿಯಲ್ಲಿ ಹನ್ನೊಂದು ಸ್ಟ್ರಿಪ್ ಉಳಿದಿದ್ದವು. ಮಾವ ತಮ್ಮ ಗಂಜಿಯಲ್ಲಿ ಮಕ್ಕಳಿಗೆ ಪಾಲು ಹಾಕುತ್ತಿದ್ದರು. ಬೇಡ ಅಂದರೆ ಕೇಳುವವರಲ್ಲ. 16ರ ರಾತ್ರಿ ಹಾಳೆ ನೋಡಿ 8 ಯೂನಿಟ್ಟನ್ನು 4 ಮಾಡಿ ಕೊಟ್ಟೆವು.

ರಾತ್ರಿ ಎರಡರ ಹೊತ್ತಿಗೆ ಅತ್ತೆ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದರು. ಅವರ ಮುಖ ನೋಡಿಯೇ ನನಗೆ ಭಯವಾಯಿತು. ಮಾವ ಹಾಸಿಗೆಯಲ್ಲಿ ಕೂತು "ಚೆಕ್‌ರೋಲ್ ಎಲ್ಲಿ? ಆಳುಗಳು ಬಂದು ನಿಂತಿದ್ದಾರೆ, ಹಾಜರಿ ಹಾಕ್ಬೇಕು" ಅನ್ನುತ್ತಿದ್ದರು. ಕೈ ನಡುಗುತ್ತಿತ್ತು. ಅತ್ತೆ ನನ್ನ ಕಿವಿಯಲ್ಲಿ "ಹಳೇದು ವಾಪಸ್ ಬಂತು ಮಗಳೇ. ಲಿವರ್ ಹೋಯ್ತು" ಅಂದರು.

ಅವರು ಹಾಗೆ ಅಂದುಕೊಂಡದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಎರಡು ವರ್ಷದ ಹಿಂದೆ "ನೀವು ಯಾರು" ಅಂತ ಕೇಳಿದ ಮುಖವೂ ಹೀಗೇ ಇತ್ತು. ಕೈ ನಡುಕದಿಂದ ಏನೂ ತೀರ್ಮಾನವಾಗದು. ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಕೈ ನಡುಗುತ್ತದೆ, ಮಾವನಿಗೂ ಬಂದ ದಿನದಿಂದ ಇತ್ತು. ಗುಡ್ಡ ಜಾರುವ ಸದ್ದು ಕೇಳುತ್ತಿರುವ ರಾತ್ರಿ ಯಾರ ಎದೆಯಾದರೂ ಹೊಡೆದುಕೊಳ್ಳುತ್ತದೆ. ಒಂದೇ ಒಂದು ಬೇರೆ ಇತ್ತು. ಕಂಬಳಿ ಹೊದ್ದರೂ ಚಳಿಯಾಗುವ ಆ ರಾತ್ರಿ ಮಾವನ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು. ಟಾರ್ಚ್ ಹಿಡಿದು ಬೆರಳು ಒರೆಸಿ ಚುಚ್ಚಿದೆ. 58.

ಆ ಅಂಕಿ ನೋಡಿ ನನಗೆ ಸಮಾಧಾನವಾಯಿತು ಅಂದರೆ ನೀವು ನಂಬಬೇಕು. 58 ಅಂದರೆ ಅಪಾಯವೇ. ಆದರೆ ಅದಕ್ಕೆ ಮದ್ದು ಅಡುಗೆಮನೆಯಲ್ಲಿದೆ. ಲಿವರ್ ಹೋಗಿದ್ದರೆ ಆ ರಾತ್ರಿ ನಾವು ಎಲ್ಲಿಗೆ ಹೋಗುವುದಿತ್ತು? ಶೆಲ್ಫಿನಲ್ಲಿ ನಮ್ಮದೇ ಪೆಟ್ಟಿಗೆಯ ಜೇನಿನ ಬಾಟಲಿ ಇತ್ತು. ಕಾಯಿಸದ ಜೇನು ಕಸಿಯಾದವರಿಗೆ ಬೇಡ ಅಂದಿದ್ದರಿಂದ ಗ್ಲುಕೋಸ್ ಪುಡಿಯನ್ನೇ ಮೂರು ಚಮಚ ನೀರಿಗೆ ಕಲಸಿ, ನುಂಗುತ್ತಾರೆ ಅಂತ ಖಾತ್ರಿ ಮಾಡಿಕೊಂಡು ನಿಧಾನ ಕುಡಿಸಿದೆ. ಹದಿನೈದು ನಿಮಿಷಕ್ಕೆ 79. ಮಾವ ಸುತ್ತ ನೋಡಿ "ಎಂತ, ಎಲ್ಲ ಎದ್ದು ಕೂತಿದ್ದೀರಿ? ಗುಡ್ಡ ಬಂತಾ?" ಅಂತ ಕೇಳಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾಲ್ಕು ಬಿಸ್ಕತ್ತು ತಿನ್ನಿಸಿ, ಗಂಟೆ ಬಿಟ್ಟು ಇನ್ನೊಂದು ಸ್ಟ್ರಿಪ್ ಖರ್ಚು ಮಾಡಿದೆ. 104. ಉಳಿದದ್ದು ಎಂಟು.

ಬೆಳಿಗ್ಗೆಯ ಡೋಸ್ ನಿಲ್ಲಿಸಿದೆವು. 18ಕ್ಕೆ ಊರಿನ ಹುಡುಗರು ದಾರಿ ನೋಡಿಕೊಂಡು ಬಂದು ಎಲ್ಲರನ್ನೂ ಗುಡ್ಡದ ಮೇಲಿಂದ ನಡೆಸಿಕೊಂಡು ಹೋದರು. ಎರಡು ಗಂಟೆಯ ಏರುದಾರಿ. ನಡಿಗೆಯೂ ಶುಗರ್ ಇಳಿಸುತ್ತದೆ. ಹೊರಡುವ ಮೊದಲು ಟೆಸ್ಟ್, ದಾರಿಯಲ್ಲಿ ಒಮ್ಮೆ ಟೆಸ್ಟ್. ಪ್ಲಾಸ್ಟಿಕ್ ಕವರಿನಲ್ಲಿ ಟ್ಯಾಕ್ರೊಲಿಮಸ್, ವೈರಸ್ ಮಾತ್ರೆ, ಮೀಟರ್, ಗ್ಲುಕೋಸ್ ಡಬ್ಬಿ. ಮಾವನ ಕಂಕುಳಲ್ಲಿ ಮಳೆ ಪುಸ್ತಕ. ರಾತ್ರಿ ಎಂಟರ ಮಾತ್ರೆಯನ್ನು ಮಡಿಕೇರಿಯ ನನ್ನ ಮನೆಯಲ್ಲಿ ಎಂಟಕ್ಕೇ ನುಂಗಿದರು. ಫೋನ್ ಸಿಕ್ಕ ತಕ್ಷಣ ಡಾಕ್ಟರಿಗೆ ಅಂಕಿ ಓದಿ ಹೇಳಿದೆ. ರಾತ್ರಿಯ ಇನ್ಸುಲಿನ್ ಪೂರ್ತಿ ನಿಂತಿತು, ಬೆಳಗಿನದು ಎಂಟಕ್ಕೆ ಇಳಿಯಿತು.

ಸೆಪ್ಟೆಂಬರಿನಲ್ಲಿ ಹನ್ನೆರಡು ವಾರ ಮುಗಿಯಿತು. ಔಷಧ ನಿಲ್ಲಿಸಿ ಮತ್ತೆ ಹನ್ನೆರಡು ವಾರ ಕಾದು ನೋಡಿದಾಗಲೂ ವೈರಸ್ ಇಲ್ಲದಿದ್ದರೆ ಗುಣವಾಯಿತು ಅಂತ ಲೆಕ್ಕ. ಹುತ್ತರಿ ಕಳೆದು ಡಿಸೆಂಬರಿನಲ್ಲಿ ಆ ರಿಪೋರ್ಟ್ ಬಂತು. ಇಲ್ಲ. ಅಷ್ಟು ಹೊತ್ತಿಗೆ ಇನ್ಸುಲಿನ್ನೂ ನಿಂತು ಒಂದು ಮಾತ್ರೆಗೆ ಬಂದಿದ್ದರು.

"ಹಾಗಾದ್ರೆ ಶುಗರ್ ಹೋಯ್ತು" ಅಂತ ಊರಿನವರು. ಹೋಗಿಲ್ಲ. ಮೂರು ಕಾರಣಗಳಲ್ಲಿ ವೈರಸ್ ಹೋಯಿತು, ಸ್ಟಿರಾಯ್ಡ್ ಕಮ್ಮಿಯಾಯಿತು, ಟ್ಯಾಕ್ರೊಲಿಮಸ್ ಉಳಿದಿದೆ. ಅದು ಜೀವವಿರುವ ತನಕ. ಆದ್ದರಿಂದ ಬೆರಳು ಚುಚ್ಚುವುದೂ ಇದೆ, ದಿನಕ್ಕೆ ನಾಲ್ಕರ ಬದಲು ವಾರಕ್ಕೆ ನಾಲ್ಕು. ಈ ಪ್ರಶ್ನೆ ಕೇಳಿಕೊಂಡು ಈಗ ನಾಲ್ಕಾರು ಮನೆಯವರು ನನಗೆ ಫೋನ್ ಮಾಡುತ್ತಾರೆ. ನಾನು ಡಾಕ್ಟರಲ್ಲ. ಹೇಳುವುದು ಇಷ್ಟು. ವೈರಸ್ಸಿನ ಔಷಧ ಶುರುವಾಗುವ ದಿನವೇ ಶುಗರಿನ ಔಷಧ ಕೊಟ್ಟವರಿಗೂ ಅದನ್ನು ತಿಳಿಸಿ. ಎಷ್ಟೋ ಕಡೆ ಲಿವರಿನ ಡಾಕ್ಟರು ಒಬ್ಬರು, ಶುಗರಿನ ಡಾಕ್ಟರು ಇನ್ನೊಬ್ಬರು. ಅಂಕಿ ಇಳಿಯುತ್ತಾ ಬಂದರೆ ಖುಷಿಪಟ್ಟು ಸುಮ್ಮನಿರಬೇಡಿ, ಇಳಿದದ್ದನ್ನೂ ಏರಿದಷ್ಟೇ ಬೇಗ ಫೋನಿನಲ್ಲಿ ಹೇಳಿ. ರೋಗಿ ತೊದಲಿದರೆ, ಬೆವರಿದರೆ, ಏನೇನೋ ಮಾತಾಡಿದರೆ, ಏನಾಗಿದೆ ಅಂತ ಊಹಿಸುವ ಮೊದಲು ಒಂದು ಸ್ಟ್ರಿಪ್ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು, ಇದು ಲಿವರ್ ಇನ್ನೂ ಕೆಡದವರಿಗೆ. ಹಳೆಯ ಕಾಲದಲ್ಲಿ ಹೆರಿಗೆಗೋ, ಅಪಘಾತಕ್ಕೋ ರಕ್ತ ಹಾಕಿಸಿಕೊಂಡವರು ನಮ್ಮ ತೋಟಗಳಲ್ಲಿ, ಲೈನ್‌ಮನೆಗಳಲ್ಲಿ ಎಷ್ಟೋ ಜನ ಇದ್ದಾರೆ. ಹೆಪಟೈಟಿಸ್ ಸಿ ಪರೀಕ್ಷೆಗೆ ಒಂದು ಹನಿ ರಕ್ತ ಸಾಕು. ಸರ್ಕಾರದ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಪುಕ್ಕಟೆ, ಔಷಧವೂ ಪುಕ್ಕಟೆ. ಮುಂದಿನ ಸಲ ಮಡಿಕೇರಿಗೆ ಬಂದಾಗ ಜಿಲ್ಲಾಸ್ಪತ್ರೆಯಲ್ಲಿ ಕೇಳಿ ನೋಡಿ. "ನಾನು ಕುಡಿಯೋದಿಲ್ಲವಲ್ಲ, ನನಗೆ ಯಾಕೆ?" ಅಂತ ಹೇಳಬೇಡಿ. ನಮ್ಮ ಮಾವನೂ ಕುಡಿಯುತ್ತಿರಲಿಲ್ಲ.